ಸತ್ತ ಸವತಿಗೊಂದು ಪೂಜೆ

ಗೇರು ಬದಲಿಸುತ್ತಿದ್ದ ಗಂಡನ ಬಲಗೈಯಲ್ಲಿ ಉಂಗುರಗಳು ಎರಡಿದ್ದವು. ಒಂದು ಉಂಗುರದ ಬೆರಳಿನಲ್ಲಿ. ಇನ್ನೊಂದು ಕಿರುಬೆರಳಿನಲ್ಲಿ, ತೆಳ್ಳಗೆ, ಹೆಂಗಸಿನ ಅಳತೆಯದು. ರೊಂಡಾದ ಸೇತುವೆ ದಾಟಿ ಕಾರು ಇಳಿಜಾರು ಹಿಡಿದಾಗ ಅರಾಸೆಲಿ ಅದನ್ನು ಕಂಡಳು. ಎರಡೆರಡು ಮದುವೆ ಉಂಗುರ ತೊಡುವವರು ಯಾರೆಂದು ಆಂಡಲೂಸಿಯಾ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಸಂಗಾತಿಯನ್ನು ಮಣ್ಣು ಮಾಡಿ ಬಂದವರು.

"ಯಾರದ್ದು ಅದು?"

ಫೆರ್ಮಿನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಕಳೆದುಹೋಗಬಾರದಲ್ಲ, ಅದಕ್ಕೇ ನಾನೇ ಹಾಕ್ಕೊಂಡಿದೀನಿ."

ಯಾರದ್ದೆಂದು ಮಾತ್ರ ಹೇಳಲಿಲ್ಲ. ಅರಾಸೆಲಿ ತನ್ನ ಬೆರಳು ನೋಡಿಕೊಂಡಳು. ಬೋಳು. ಹಾಗಾದರೆ ತಾನು ಎರಡನೆಯವಳು, ಅದೂ ಒಂದು ಉಂಗುರಕ್ಕೂ ಗತಿಯಿಲ್ಲದವಳು. ಮೊದಲಿನವಳ ಸುದ್ದಿಯನ್ನು ಈ ಮಹಾರಾಯ ಇಷ್ಟು ದಿನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ.

ಒಮ್ಮೆ ಸಂಶಯ ಹೊಕ್ಕರೆ ಕೇಳಬೇಕೆ? ಅವಸರವಿಲ್ಲದ ಪ್ರವಾಸ, ಮನಸ್ಸು ಬಂದಲ್ಲಿ ನಿಲ್ಲಿಸೋಣ ಎಂದು ಹೊರಟಿದ್ದರು. ಆದರೆ ಫೆರ್ಮಿನ್ ಎಲ್ಲೂ ದಾರಿ ಕೇಳಲಿಲ್ಲ. ಗೋಡೆಗೆ ಕನ್ನಡಿ ಉಜ್ಜುವಷ್ಟು ಇಕ್ಕಟ್ಟಿನ ಓಣಿಗಳಲ್ಲೂ ಕಾರು ತಾನಾಗಿ ತಿರುಗುತ್ತಿತ್ತು. ಇವೆಲ್ಲ ಅವನು ಅವಳ ಜೊತೆ ಸುತ್ತಿದ ಊರುಗಳೇ. ಈಗ ಅದೇ ಸೀಟಿನಲ್ಲಿ ತನ್ನನ್ನು ಕೂರಿಸಿಕೊಂಡು ಆ ಸತ್ತವಳನ್ನೇ ಮೆರೆಸುತ್ತಿದ್ದಾನೆ ಎನ್ನಿಸಿ ಅವಳಿಗೆ ಅಳು ಬಂತು.

ಆರ್ಕೋಸ್‌ನಲ್ಲಿ ಊಟಕ್ಕೆ ನಿಲ್ಲಿಸಿದರು. ಹೋಟೆಲಿನವನು ಫೆರ್ಮಿನ್‌ನ ಭುಜ ತಟ್ಟಿದ. "ಎಷ್ಟು ವರ್ಷ ಆಯ್ತು ಫೆರ್ಮಿನ್ ಸಾಹೇಬ್ರೇ, ದಾರಿ ಮರೆತಿರಿ ಅಂದ್ಕೊಂಡಿದ್ದೆ. ಕರಿದ ಮೀನು ತಾನೆ? ಅಮ್ಮಾವ್ರಿಗೆ ನಿಂಬೆಹಣ್ಣಿಲ್ಲದೆ."

ನಿಂಬೆಹಣ್ಣು ಅರಾಸೆಲಿಗೂ ಆಗದು. ನಾಲಗೆಯ ರುಚಿಯನ್ನೂ ಆ ಸವತಿ ಮೊದಲೇ ಎಂಜಲು ಮಾಡಿಟ್ಟಿದ್ದಳು.

ಫೆರ್ಮಿನ್ ಮೀನಿನ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕತೊಡಗಿದ.

"ಅವಳಿಗೂ ಹೀಗೇ ಬಿಡಿಸಿಕೊಡ್ತಿದ್ದೆಯಾ?"

ಅವನ ಕೈ ನಿಂತಿತು. ಯಾರಿಗೆ ಎಂದು ಅವನು ಕೇಳಲಿಲ್ಲ.

"ಇಲ್ಲ. ಅವಳೇ ನಂಗೆ ಬಿಡಿಸ್ಕೊಡ್ತಿದ್ಲು. ಅಷ್ಟು ಚುರುಕು ಕೈ. ನಕ್ಕರೆ ಆಚೆ ಬೀದಿಗೆ ಕೇಳ್ತಿತ್ತು."

ಸತ್ತೆಮ್ಮೆಗೆ ಹತ್ತು ಸೇರು ಹಾಲು ಎಂದುಕೊಂಡಳು ಅರಾಸೆಲಿ. "ಅವಳಿಲ್ಲ ಅಂತ ಬೇಜಾರಾಗತ್ತಾ?"

"ದಿನಾ."

"ನಾನಿದೀನಲ್ಲ?"

"ನೀನಿದೀಯ," ಎಂದು ಅವನು ಅವಳ ಬಾಯಂಚನ್ನು ಒರೆಸಿದ. "ತಿನ್ನು, ಆರಿಹೋಗತ್ತೆ."

ಆ ಮಧ್ಯಾಹ್ನ ವೆಹೆರ್‌ನ ತಂಗುಮನೆಯಲ್ಲಿ ಅವಳು ಸವತಿಯನ್ನು ಕಣ್ಣಾರೆ ಕಂಡಳು.

ಫೆರ್ಮಿನ್ ಮಲಗಿದ್ದ. ಕಿಟಕಿಬಾಗಿಲ ಸಂದಿಯಿಂದ ಬಿಸಿಲು ಒಂದು ಗೆರೆಯಾಗಿ ಒಳಗೆ ಬಿದ್ದಿತ್ತು. ಬಟ್ಟೆಯ ಬೀರುವಿನತ್ತ ಹೋದಳು. ಅಲ್ಲಿ, ಬೀರುವಿನ ಒಳಗಿನಿಂದ, ನರೆತ ಕೂದಲಿನ ಒಬ್ಬ ಮುದುಕಿ ಅವಳನ್ನೇ ನೋಡುತ್ತಿದ್ದಳು. ನೀಲಿ ಉಡುಪು. ಅರಾಸೆಲಿಯ ಉಡುಪನ್ನೇ ತೊಟ್ಟಿದ್ದಳು, ನಾಚಿಕೆಗೆಟ್ಟವಳು. ಇಷ್ಟು ವಯಸ್ಸಾದವಳನ್ನೇ ಇವನು ಕಟ್ಟಿಕೊಂಡಿದ್ದು? ಗದರಿಸಲು ಬಾಯಿ ತೆರೆದರೆ ಮುದುಕಿಯೂ ತೆರೆದಳು, ದನಿಯಿಲ್ಲದೆ. ಅರಾಸೆಲಿ ಚೀರಿದಳು.

ಫೆರ್ಮಿನ್ ಎದ್ದು ಬಂದ. ಏನಾಯಿತು ಎಂದೂ ಕೇಳಲಿಲ್ಲ. ಹಾಸಿಗೆಯ ಮೇಲುಹೊದಿಕೆ ಎಳೆದು ಬೀರುವಿನ ಬಾಗಿಲಿಗೆ ಇಳಿಬಿಟ್ಟ, ಸಾವಾದ ಮನೆಯಲ್ಲಿ ಕನ್ನಡಿ ಮುಚ್ಚುವ ಹಾಗೆ. ಅವನಿಗೂ ಅವಳು ಕಾಣಿಸುತ್ತಾಳೆ ಎಂದು ಅರಾಸೆಲಿಗೆ ಖಾತ್ರಿಯಾಯಿತು. ಹೀಗೇ ಬಿಟ್ಟರೆ ಸತ್ತವಳು ಗಂಡನನ್ನು ಪೂರ್ತಿ ಕಿತ್ತುಕೊಂಡೇ ಹೋಗುತ್ತಾಳೆ. ತನಗೆ ಈ ಲೋಕದಲ್ಲಿ ಇದ್ದವನು ಇವನೊಬ್ಬನೇ.

ಮರುದಿನ ಬೆಳಿಗ್ಗೆ ಕಡಲಂಚಿನ ಒಂದು ಸಣ್ಣ ಊರಿನಲ್ಲಿ ಕಾರು ನಿಂತಿತು. ಬಿಳಿ ಚರ್ಚು, ಎದುರಿಗೆ ಕಿತ್ತಳೆ ಮರಗಳು, ಆಚೆ ಸಮುದ್ರ.

"ಮದುವೆ ಆಗಿದ್ದು ಇಲ್ಲೇ," ಎಂದ ಫೆರ್ಮಿನ್, ಅವಳ ಮುಖವನ್ನೇ ನೋಡುತ್ತ. "ಏನಾದ್ರೂ ಅನ್ಸತ್ತಾ?"

ಅನ್ನಿಸದೆ ಏನು? ಹೊಟ್ಟೆ ಉರಿಯಿತು. ಆದರೆ ಅದರ ಜೊತೆಗೇ ಒಂದು ಉಪಾಯವೂ ಹೊಳೆಯಿತು. ಚರ್ಚಿನಲ್ಲಿ ಸತ್ತವರ ಹೆಸರಿಗೆ ಪೂಜೆ ಮಾಡಿಸಿದರೆ ಎಂಥ ಆತ್ಮವೂ ತಣ್ಣಗಾಗಿ ತನ್ನ ದಾರಿ ಹಿಡಿಯುತ್ತದೆ ಎಂದು ಅವಳ ಅಮ್ಮ ಹೇಳುತ್ತಿದ್ದಳು. ಅಮ್ಮನ ಮಾತು ಮಾತ್ರ ಅವಳಿಗೆ ನಿನ್ನೆ ಕೇಳಿದಷ್ಟು ಸ್ಪಷ್ಟವಾಗಿ ನೆನಪಿತ್ತು.

ಬೆಳಗಿನ ಪೂಜೆ ಮುಗಿದಿತ್ತು. ಪಕ್ಕದ ಕೋಣೆಯಲ್ಲಿ ಚರ್ಚು ನೋಡಿಕೊಳ್ಳುವ ಪುರಾ ಎಂಬ ಮುದುಕಿ ಹೂದಾನಿ ತೊಳೆಯುತ್ತಿದ್ದಳು. ಮೇಜಿನ ಮೇಲೆ, ಪೂಜೆಯಲ್ಲಿ ಪಾದ್ರಿ ಓದಬೇಕಾದ ಹೆಸರುಗಳ ಪುಸ್ತಕ, ಸತ್ತವರಿಗೊಂದು ಹಾಳೆ, ಕಾಯಿಲೆಯವರಿಗೊಂದು. ಅರಾಸೆಲಿಯನ್ನು ಕಂಡದ್ದೇ ಪುರಾ ಒದ್ದೆ ಕೈ ಚಾಚಿಕೊಂಡು ಮುಂದೆ ಬಂದಳು. ಅರಾಸೆಲಿಯ ಬೆನ್ನ ಹಿಂದೆ ಫೆರ್ಮಿನ್ ಬೇಡವೆಂದು ತಲೆಯಾಡಿಸಿದ. ಪುರಾಳ ಕೈ ಕೆಳಗಿಳಿಯಿತು.

"ತೀರಿಕೊಂಡವರ ಪೂಜೆಗೆ ಒಂದು ಹೆಸರು ಬರ್ಕೊಳ್ಳಿ ಅಮ್ಮ," ಎಂದಳು ಅರಾಸೆಲಿ. "ಇವನ ಮೊದಲನೇ ಹೆಂಡ್ತಿ. ಮದುವೆಯೂ ಇಲ್ಲೇ ಆಗಿತ್ತಂತೆ. ಅವಳ ಮೇಲೆ ನಂಗೇನೂ ಸಿಟ್ಟಿಲ್ಲ. ಶಾಂತಿಯಾಗಿರಲಿ, ನಮ್ಮನ್ನ ಬಿಟ್ಟುಬಿಡಲಿ, ಅಷ್ಟೇ."

ಪುರಾ ಕುರ್ಚಿ ಎಳೆದು ಕೂತಳು. ಪೆನ್ನು ಕೈಗೆತ್ತಿಕೊಂಡರೂ ಬರೆಯಲಿಲ್ಲ.

ಅರಾಸೆಲಿ ಗಂಡನ ಕಡೆ ತಿರುಗಿದಳು. "ಹೇಳು. ಏನವಳ ಹೆಸರು?"

ಫೆರ್ಮಿನ್ ಬಂದು ಮೇಜಿನ ಮೇಲಿನ ಪುಸ್ತಕದ ಹಾಳೆ ತಿರುವಿದ.

"ಸತ್ತವರದ್ದರಲ್ಲಿ ಬೇಡ ಪುರಾ, ಕಾಯಿಲೆಯವರದ್ದರಲ್ಲಿ ಬರಿ, ಅರಾಸೆಲಿ ಅಂತ, ನಾನು ಕಟ್ಕೊಂಡಿದ್ದು ಇವಳೊಬ್ಬಳನ್ನೇ, ಅವತ್ತು ನಮ್ಮಿಬ್ಬರ ತಲೆ ಮೇಲೆ ಅಕ್ಕಿ ಎರಚಿದೋಳು ನೀನೇ ಅಲ್ವಾ."