ಹೊಲಿಗೆಯಿಲ್ಲದ ಗಾಯ

ಗುರುಬಾಯಿ ಸೊಸೆ ಲಲಿತಾಳ ಸೆರಗು ಸರಿಸಿ ಬೆರಳಲ್ಲಿ ಭಂಡಾರ ಹಿಡಿದು ಹಾಗೆಯೇ ನಿಂತಳು. ಆಪರೇಷನ್ ಆದವರ ಹೊಲಿಗೆಯ ಸುತ್ತ ಭಂಡಾರವೆಂಬ ಈ ದೇವರ ಅರಿಶಿನ ಹಚ್ಚುವುದು ಮನೆಯ ರೂಢಿ. ಅದಕ್ಕೆಂದೇ ಅರಕೇರಿಯಿಂದ ವಿಜಯಪುರದ ಆಸ್ಪತ್ರೆಗೆ ಬಂದಿದ್ದಳು. ಲಲಿತಾಳ ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ.

“ಹೊಲಿಗೀನ ಇಲ್ಲಲ್ಲ ಲೇ. ಇಷ್ಟ ದಿನ ಬರೇ ಮಲಗಾಕ ಬಂದಿದ್ದೇನ? ಹಂಗಾರ ನಾಳಿಂದ ರೊಟ್ಟಿ ನೀನ ಬಡಿ,” ಎಂದು ನಕ್ಕಳು.

ಲಲಿತಾ ಹೊಟ್ಟೆನೋವಿನಿಂದ ಒದ್ದಾಡುವಾಗಲೂ ಮನೆಯವರು ಸೋಗು ಎಂದಿದ್ದರು. ಹೊಟ್ಟೆ ಕೊಯ್ಯುವುದೇ ಬೇಡ ಎಂದು ಡಾಕ್ಟರು ಹೇಳಿದ ದಿನ ಆಸ್ಪತ್ರೆಯಲ್ಲಿದ್ದವರೆಲ್ಲ ಹಿಗ್ಗಿದ್ದರು; ಊರಲ್ಲಿದ್ದ ಗುರುಬಾಯಿಗೆ ಆಪರೇಷನ್ ಆಯಿತೆಂದಷ್ಟೇ ಸುದ್ದಿ ಮುಟ್ಟಿತ್ತು. ಲಲಿತಾಳಿಗೆ ಮಾತ್ರ ಒಳಗೊಳಗೇ ನಿರಾಸೆಯಾಗಿತ್ತು. ಒಂದು ದೊಡ್ಡ ಹೊಲಿಗೆ ಬಿದ್ದಿದ್ದರೆ ಅದಾದರೂ ಅವಳ ಪರವಾಗಿ ಮಾತಾಡುತ್ತಿತ್ತು. ಈಗ ಅವಳೇ ಮಾತಾಡಬೇಕಾಯಿತು.

“ಗಾಯ ಒಳಗೈತ್ರಿ ಅತ್ತಿ. ಬಾಯಾಗಿಂದ ಕೊಳವಿ ಇಳಿಸಿ, ಜಠರಕ್ಕ ತೂತ ಮಾಡಿ, ಅದರ ಹಿಂದಿನ ಮೇದೋಜೀರಕದಾಗ ಸತ್ತ ಮಾಂಸಾನ ತುಣುಕ ತುಣುಕ ತಗದಾರ. ಇಷ್ಟರಾಗ ರೊಟ್ಟಿ ಬಡಿಯಾಕ ನನ್ನ ಕೈಲೆ ಆಗೂದಿಲ್ರಿ.”

ಗುರುಬಾಯಿಯ ನಗು ನಿಂತಿತು. ಮೇವು ಬಿಟ್ಟ ಕುರಿಯ ಗದ್ದ ಎತ್ತುವಂತೆ ಸೊಸೆಯ ಗದ್ದ ಎತ್ತಿದಳು. “ಬಾಯಿ ತಗಿ,” ಎಂದು ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ಹೊರಗಿಂದ ಗಂಟಲಿಗೆ ಚೂರು ಭಂಡಾರ ಹಚ್ಚಿ, ಮತ್ತೆ ಬೆರಳದ್ದಿ ಬರಿಯ ಹೊಟ್ಟೆಯ ಮೇಲೆ ಮೇಲಿಂದ ಕೆಳಗೆ ಮೆಲ್ಲಗೆ ಎಳೆದಳು. ಹೊಲಿಗೆಯಷ್ಟೇ ಉದ್ದದ ಹಳದಿ ಗೆರೆ ಮೂಡಿತು.

“ಯಾರರ ಹೊಲಿಗಿ ಎಲ್ಲೈತಿ ಅಂದ್ರ, ಇದನ್ನ ತೋರಸು.”