ಹಿರಿಯ ಮಗನ ಪಾಲಿನ ಬಂದೂಕು

"ಬಾಗಲಾ ಮುಂದ ಮಾಡ್ರಿ," ಎಂದ ಹಯಾತ.

ಗುತ್ತೆಪ್ಪ ಬಾಗಿಲು ಹಾಕಿದ. ಹಯಾತ ಸವಣೂರಿನಲ್ಲಿ ಬಂದೂಕು ರಿಪೇರಿಯ ಮನೆತನದ ಮುದುಕ. ಗುತ್ತೆಪ್ಪ ತಂದ ಬಂದೂಕಿನ ನಳಿಗೆಯೊಳಗೆ ಕಣ್ಣಿಟ್ಟು ನೋಡಿದ, ಮೂಸಿದ, ಮರದ ಹಿಡಿಯನ್ನು ಉಗುರಿನಿಂದ ಕೆರೆದ. ಆಮೇಲೆ ಧ್ವನಿ ತಗ್ಗಿಸಿದ.

"ನೂರು ವರ್ಷದ ಮ್ಯಾಲಿಂದ್ರಿ. ವಿಲಾಯ್ತಿ ಮಾಲು. ನವಾಬರ ಮನಿತನದವರು ಬ್ಯಾಟಿಗೆ ಒಯ್ತಿದ್ರು. ಮುಂಬೈ ಸಾಹೇಬರು ನೋಡಿದ್ರ ನಿಮ್ಮ ಬಾವಿ ಹೊಲದಂಥಾ ಮೂರು ಹೊಲದ ಬೆಲಿ ಕೊಡ್ತಾರ."

ಗುತ್ತೆಪ್ಪ ಬಂದೂಕನ್ನು ತನ್ನ ಕಡೆಗೆ ಎಳೆದುಕೊಂಡ.

ಅಪ್ಪ ತೀರಿಕೊಂಡಿದ್ದ. ಹತ್ತಿಮತ್ತೂರಿನ ಮನೆಯಲ್ಲಿ ಪಾಲು ಆಗುವುದಿತ್ತು. ಗೋಡೆಯ ಮೇಲಿನ ಬಂದೂಕನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. "ಪಾಲಿಗೆ ಮುಂಚೆ ಹಯಾತನ ಕಡೆ ಒಮ್ಮೆ ತೋರಿಸ್ಕೊಂಡು ಬಾ" ಎಂದವಳು ಅವ್ವ ದಾನವ್ವ. ಉಳಿದಂತೆ ಆಸ್ತಿಯೆಂದರೆ ಬಾವಿ ಇರುವ ಎರೆ ಹೊಲ, ಮತ್ತು ಸಜ್ಜೆ ಕೂಡ ನೆಟ್ಟಗೆ ಬಾರದ ಕಲ್ಲು ಹೊಲ.

ಹಿರಿಯವನು ಪಾಲು ಕಟ್ಟಬೇಕು, ಕಿರಿಯವನು ಮೊದಲು ಆರಿಸಬೇಕು. ಯಾರಿಗೂ ಮೋಸವಾಗದಿರಲೆಂದು ನಡೆದುಬಂದ ಪದ್ಧತಿ. ಆದರೆ ತಮ್ಮ ನಾಗಪ್ಪನ ಮುಂದೆ ಪದ್ಧತಿಯ ಆಟ ನಡೆಯುತ್ತಿರಲಿಲ್ಲ. ಅಣ್ಣ ಕಣ್ಣು ತಿರುಗಿಸಿದ ಪಾಲನ್ನೇ ತನಗೆ ಸಾಕೆಂದು ಆರಿಸುವ ಆಸಾಮಿ ಅವನು. ಬಾವಿ ಹೊಲ ತನ್ನದೇ ಎಂದು ಗುತ್ತೆಪ್ಪ ಎಂದೋ ಗಟ್ಟಿಮಾಡಿಕೊಂಡಿದ್ದ. ಈಗ ಲೆಕ್ಕ ತಲೆಕೆಳಗಾಯಿತು.

"ಹಯಾತಸಾಬ್, ಮಂದಿ ಮುಂದ ಇದನ್ನ ಬರೇ ಕಬ್ಬಿಣ ಅನ್ನಬೇಕು. ಒಂದು ಚೀಲ ಮೆಣಸಿನಕಾಯಿ ಕಳಸ್ತೇನಿ."

"ಕಬ್ಬಿಣ ಅಂತೇನ್ರಿ. ಅದು ನನಗ ಭಾಳ ಸುಲಭ."

ಪಾಲಿನ ದಿನ ಪಡಸಾಲೆಯಲ್ಲಿ ಊರ ಪಂಚರು ಕೂತರು. ಬಂದೂಕಿನ ಬೆಲೆ ಹೇಳಲು ಕರೆಸಿದ್ದ ಹಯಾತ ಹುಲಗೂರಿನ ದರ್ಗಾದ ದಿಕ್ಕಿಗೆ ತಿರುಗಿ ಎದೆಯ ಮೇಲೆ ಕೈ ಇಟ್ಟ.

"ದರ್ಗಾದ ಆಣಿ ಇಟ್ಟು ಹೇಳ್ತೇನ್ರಿ. ಇದು ನಮ್ಮ ಅಬ್ಬಾ ಗಾಡಿ ಅಚ್ಚಿನ ಕಬ್ಬಿಣ ಕಾಸಿ ಮಾಡಿದ್ದು. ತಿದಿ ಊದಿದಾಂವ ನಾನ. ನಲವತ್ತು ವರ್ಷ ಸೈತ ಆಗಿಲ್ಲ. ಕುದರಿ ಎಳದ್ರ ಗುಂಡು ಮುಂದ ಹೋಗೂದಿಲ್ಲ, ಹಿಂದ ಬರ್ತೈತಿ."

ಪಂಚರು ನಕ್ಕರು. ಗುತ್ತೆಪ್ಪ ಒಳಗೊಳಗೇ ಬೆರಗಾದ. ಬರೇ ಕಬ್ಬಿಣ ಅನ್ನು ಎಂದರೆ ಈ ಭೂಪ ಆಣೆಯನ್ನೂ ತಿದಿಯನ್ನೂ ಸೇರಿಸಿ, ಕಣ್ಣು ಮಿಟುಕಿಸದೆ ಸುಳ್ಳು ಹೊಸೆಯುತ್ತಿದ್ದಾನೆ. ಇನ್ನೊಂದು ಚೀಲ ಕೊಟ್ಟರೂ ಅಡ್ಡಿಯಿಲ್ಲ.

"ಹಂಗಾದ್ರ ಕೇಳ್ರಿ," ಎಂದ ಗಂಟಲು ಸರಿಮಾಡಿಕೊಂಡು. "ಒಂದು ಪಾಲು ಬಾವಿ ಹೊಲ. ಇನ್ನೊಂದು ಪಾಲು ಕಲ್ಲು ಹೊಲ, ಅಪ್ಪನ ನೆನಪಿಗೆ ಈ ಬಂದೂಕು. ನಾಗ್ಯಾ, ಆರಿಸು." ಅವನ ಕಣ್ಣು ಬಾವಿ ಹೊಲದ ದಿಕ್ಕಿಗೇ ನೆಟ್ಟಿತ್ತು.

ನಾಗಪ್ಪ ತಬ್ಬಿಬ್ಬಾದ. "ಅಣ್ಣಾ, ಕಲ್ಲು ಹೊಲ ನಿನಗ್ಯಾಕ?"

"ಆರಿಸು ಅಂದೆ."

ನಾಗಪ್ಪ ಬಾವಿ ಹೊಲ ಎಂದ. ಎಂದವನೇ ಅತ್ತುಬಿಟ್ಟ. ಅಣ್ಣ ಅಂದರೆ ಇಂಥವನಿರಬೇಕು ಎಂದು ಪಂಚರು ಕೊಂಡಾಡಿದರು. ದಾನವ್ವ ಹಿರಿಯ ಮಗನ ಮುಖ ನೀವಾಳಿಸಿ ಲಟಿಕೆ ಮುರಿದಳು. ಗುತ್ತೆಪ್ಪ ತಲೆ ತಗ್ಗಿಸಿ ನಿಂತ, ನಗು ಕಾಣಬಾರದಲ್ಲ.

ಮರುದಿನ ಬೆಳಿಗ್ಗೆಯೇ ಸವಣೂರಿಗೆ ಓಡಿದ. "ಮುಂಬೈ ಸಾಹೇಬಗ ಸುದ್ದಿ ಮುಟ್ಟಸು, ಹಯಾತಸಾಬ್."

"ಯಾವ ಸಾಹೇಬ್ರಿ? ಕಬ್ಬಿಣ ಅಂತ ನಿನ್ನೆ ಹೇಳೇನಲ್ರಿ. ದರ್ಗಾದ ಆಣಿ ಇಟ್ಟು ನಾ ಸುಳ್ಳು ಹೇಳಾಂವ ಅಲ್ಲ."

ಗುತ್ತೆಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ಬಾವಿ, ಎರೆ ಮಣ್ಣು, ಎಲ್ಲ ಕಣ್ಣಮುಂದೆ ಬಂದುಹೋದವು.

"ಮತ್ತ ಅವತ್ತ ಬಾಗಲಾ ಹಾಕಿ ನನ್ನ ಮುಂದ ಯಾಕ ಹಂಗಂದಿ?"

ಹಯಾತ ಕುಡಿಯಲು ನೀರು ಕೊಟ್ಟು ಹೇಳಿದ: "ನಿಮ್ಮ ಅವ್ವಾರು ಅನ್ನಾಕ ಹೇಳಿದ್ರು. ಸಣ್ಣಾಂವಗ ಬಾವಿ ಹೊಲ ಸಿಗಬೇಕು, ದೊಡ್ಡಾಂವನ್ನ ಮಂದಿ ಹೊಗಳಬೇಕು, ಎರಡೂ ಆಗೂಹಂಗ ಮಾಡು ಅಂದ್ರು."