ಬಿರುಕು ಬಿಟ್ಟ ಟ್ಯಾಂಕು

ಈ ಐಟಿ ಆಫೀಸುಗಳ ಮುಂದೆ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲು ವಾಸನೆ ಬಂದರೆ ನನಗೆ ಇದೇ ಶಹರದ ಸನತ್‌ನಗರ ಬಡಾವಣೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ, ಮಕ್ಕಳೇ. ನಾನಾಗ ಸಣ್ಣವಳು, ನಮ್ಮೂರಿನ ಶಾಲೆಗೆ ರಜೆಯಿತ್ತು. ಬಂಗಲೆಯವರು ಎಸೆದ ಇಂಥ ಯಂತ್ರಗಳನ್ನು ರಿಪೇರಿ ಮಾಡಿ ಮಾರುತ್ತಿದ್ದ ಸೋದರಮಾವನ ಮನೆಗೆ ಬಂದಿದ್ದೆ. ಒಂದರ ಪೆಟ್ರೋಲು ಟ್ಯಾಂಕು ಬಿರುಕು ಬಿಟ್ಟಿತ್ತು. ಮಾವ ನನ್ನ ಕೈಯಲ್ಲಿ ಸದ್ಯಕ್ಕೆ ಸೋರದಂತೆ ಆ ಬಿರುಕಿಗೆ ಸಾಬೂನು ತಿಕ್ಕಿಸಿ, ಮೇಲೆ ಹಸಿರು ಬಣ್ಣ ಬಳಿಸಿದ.

“ನಾಳೆ ಬೆಸುಗಿ ಹಾಕಸ್ತೀನವ್ವಾ” ಎಂದ.

ಅಷ್ಟರಲ್ಲಿ ನಮ್ಮ ಕಡೆಯ ಮುದಿ ಮಾಲಿಯೊಬ್ಬ ಅದನ್ನು ಕೊಳ್ಳಲು ಬಂದ. “ಟ್ಯಾಂಕು ಸೋರಂಗಿಲ್ಲ ಹೌದಲ್ರಿ? ಇದರ ಮ್ಯಾಲೇ ನನ್ನ ಹೊಟ್ಟಿ ಐತಿ.”

“ನನ್ನ ಮಾತು ಬ್ಯಾಡ, ಈ ಕೂಸಿನ್ನ ಕೇಳ್ರಿ. ಸಣ್ಣ ಮಕ್ಕಳು ಸುಳ್ಳು ಹೇಳ್ತಾವೇನು?” ಮಾವ ನಕ್ಕ.

ಇಬ್ಬರೂ ನನ್ನನ್ನೇ ನೋಡಿದರು. “ಸೋರಂಗಿಲ್ಲ” ಎಂದೆ.

ಮಾಲಿ ನನ್ನ ಗಲ್ಲ ಮುಟ್ಟಿ, ಯಂತ್ರ ತಳ್ಳಿಕೊಂಡು ಹೋದ. “ಭಾಳ ಶಾಣ್ಯಾಕಿ” ಎಂದು ಮಾವ ತಲೆ ಸವರಲು ಬಂದ. ನಾನು ಊರಿಗೆ ಹೋಗಬೇಕೆಂದು ಹಟ ಹಿಡಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ, ಮುಂದೆ ನಿಮ್ಮಜ್ಜನಿಗೂ.